ಶೆಟ್ಟರ ಕುರ್ಚಿ, ಶೆಟ್ಟರ ಫ್ಲಾಟು

ಮೊನ್ನೆ ಗಲ್ಫಿನ ಈ ಊರಿನ ಅಲ್ ಗರಾಫಾ ಬಡಾವಣೆಯ ಒಂದು ಕಟ್ಟಡಕ್ಕೆ ಎ.ಸಿ. ದೂರು ನೋಡಲು ಹೋಗಿದ್ದೆ. ಮನೆಯವರು ರಜೆಗೆ ಊರಿಗೆ ಹೋಗಿದ್ದರು, ಕಾವಲುಗಾರ ಬೀಗ ತೆಗೆದುಕೊಟ್ಟ. ಬಾಗಿಲು ತೆರೆದದ್ದೇ ಮುಚ್ಚಿದ ಮನೆಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ನುಸಿಗುಳಿಗೆ, ಒಗ್ಗರಣೆಯ ಹಳೆಯ ಎಣ್ಣೆ, ಊದುಬತ್ತಿ, ಅದರ ಜೊತೆಗೆ ಎಷ್ಟೋ ದಿನದಿಂದ ಓಡದ ಎ.ಸಿ.ಯ ಒದ್ದೆ ಧೂಳು. ನನ್ನ ಜೊತೆ ಬಂದಿದ್ದ ತಂತ್ರಜ್ಞ ಏಣಿ ಹಾಕಿ ಕೆಲಸ ಶುರುಮಾಡಿದ. ನಾನು ಹಾಲಿನ ನಡುವೆ ನಿಂತು ಯಾರದೋ ಸೋಫಾ, ಯಾರದೋ ಮಕ್ಕಳ ಫೋಟೋ ನೋಡುತ್ತಾ ಚಡಪಡಿಸಿದೆ. ಕೊನೆಗೆ ಕೆಳಗೆ ಕಾರಿನಲ್ಲಿರುತ್ತೇನೆ ಎಂದು ಹೇಳಿ ಇಳಿದುಬಂದುಬಿಟ್ಟೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಮನೆಯಲ್ಲಿ ನಾನು ಒಂದು ಬೇಸಿಗೆ ಸಂಸಾರ ಹೂಡಿದ್ದೆ. ಮನೆ ನಮ್ಮ ಸೆಕ್ಷನ್ ಮ್ಯಾನೇಜರ್ ಜಯರಾಮ ಶೆಟ್ಟರದು. ಅದೇ ಬೇಸಿಗೆ ಆಫೀಸಿನಲ್ಲಿ ಅವರ ಕೆಲಸವೂ ನನ್ನ ಹೆಗಲಿಗೆ ಬಂದಿತ್ತು. ಆ ದಿನಗಳು ನೆನಪಾದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಇಲ್ಲಿ ಜೂನ್ ಮುಗಿಯುವ ಹೊತ್ತಿಗೆ ಶಾಲೆಗಳಿಗೆ ರಜೆ ಬೀಳುತ್ತದೆ, ಸಂಸಾರಸ್ಥರೆಲ್ಲ ಸೂಟ್‌ಕೇಸ್ ಕಟ್ಟುತ್ತಾರೆ. ಅವರು ಹೋದ ಮೇಲೆ ಎರಡು ಬಗೆಯ ಜಾಗ ಖಾಲಿ ಬೀಳುತ್ತವೆ. ಆಫೀಸಿನಲ್ಲಿ ದೊಡ್ಡವರ ಕುರ್ಚಿ, ಈ ಊರಿನಲ್ಲಿರುವ ಅವರ ಮನೆ. ಕುರ್ಚಿಯನ್ನು ಕೆಳಗಿನವನೊಬ್ಬ 'ಆಕ್ಟಿಂಗ್' ಎಂಬ ಹೆಸರಿನಲ್ಲಿ ನೋಡಿಕೊಳ್ಳುತ್ತಾನೆ. ಮನೆಯನ್ನು, ಹೆಂಡತಿ ಮಕ್ಕಳನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳುವ ಒಂಟಿ ಜೀವಗಳು ಬೇಡಿ ಪಡೆಯುತ್ತವೆ. ಏಪ್ರಿಲ್ ತಿಂಗಳಿಂದಲೇ ಯಾರ ಫ್ಲಾಟ್ ಯಾರಿಗೆ ಎಂಬ ಮಾತುಕತೆ ನಡೆಯುತ್ತಿರುತ್ತದೆ. ಒಳ್ಳೆಯ ಫ್ಲಾಟಿಗೆ ಗಂಡು ನೋಡಿದಷ್ಟೇ ವಿಚಾರಣೆ.

ನಮ್ಮದು ಕಟ್ಟಡಗಳನ್ನು ನೋಡಿಕೊಳ್ಳುವ ದೊಡ್ಡ ಕಂಪನಿ. ಎ.ಸಿ., ಲಿಫ್ಟು, ನೀರು, ಗಾಜು ಒರೆಸುವುದು, ಎಲ್ಲವೂ ನಮ್ಮದೇ. ಸಾವಿರಾರು ಜನ ಕೆಲಸಕ್ಕಿದ್ದಾರೆ. ತಂತ್ರಜ್ಞರು ಬರ್ವಾ ಅಲ್ ಬರಾಹಾ ಎಂಬ ಕಾರ್ಮಿಕರ ವಸತಿಯಲ್ಲಿ, ನನ್ನಂಥ ಎಂಜಿನಿಯರುಗಳು ಕಂಪನಿಯ ವಿಲ್ಲಾಗಳಲ್ಲಿ ಒಂದು ಕೋಣೆಗೆ ಇಬ್ಬರಂತೆ, ಮ್ಯಾನೇಜರುಗಳು ಫ್ಯಾಮಿಲಿ ಫ್ಲಾಟುಗಳಲ್ಲಿ. ಇದನ್ನೆಲ್ಲ ತೀರ್ಮಾನಿಸುವುದು ಗ್ರೇಡು. ಮ್ಯಾನೇಜರ್ ಗ್ರೇಡಿಗೆ ಏರಿದರೆ 'ಫ್ಯಾಮಿಲಿ ಸ್ಟೇಟಸ್'. ಮನೆ, ಮಕ್ಕಳ ಫೀಸು, ವರ್ಷಕ್ಕೊಮ್ಮೆ ಎಲ್ಲರಿಗೂ ಟಿಕೆಟ್ಟು. ಅದರ ಕೆಳಗಿನವರೆಲ್ಲ 'ಸಿಂಗಲ್ ಸ್ಟೇಟಸ್'. ನನಗೆ ಮದುವೆಯಾಗಿ ವರ್ಷಗಳೇ ಕಳೆದಿದ್ದವು, ಅನ್ವಿ ಎಂಬ ಆರು ವರ್ಷದ ಮಗಳಿದ್ದಳು, ಆದರೂ ಕಂಪನಿಯ ಲೆಕ್ಕದಲ್ಲಿ ನಾನು ಬ್ರಹ್ಮಚಾರಿ. ಸಂಸಾರ ಮೈಸೂರಿನಲ್ಲಿ, ನಾನು ಇಲ್ಲಿ. ಸಂಜೆ ವಿಲ್ಲಾದ ತಾರಸಿಗೆ ಹತ್ತಿ ಫೋನ್ ಹಿಡಿದು ಕೂರುವುದೇ ನನ್ನ ದಾಂಪತ್ಯವಾಗಿತ್ತು.

ಶೆಟ್ಟರು ಪುತ್ತೂರಿನ ಕಡೆಯವರು, ಈ ಊರಿಗೆ ಬಂದು ತಲೆಕೂದಲು ಬೆಳ್ಳಗಾದವರು. ಅವರನ್ನು ಹೆಡ್ ಆಫೀಸಿಗೆ ಏರಿಸುತ್ತಾರೆ, ಸೆಪ್ಟೆಂಬರಿನಲ್ಲಿ ಅವರ ಜಾಗ ಖಾಲಿಯಾಗುತ್ತದೆ ಎಂದು ಆ ವರ್ಷ ಸುದ್ದಿ ಹಬ್ಬಿತ್ತು. ಯಾರು ಆಕ್ಟಿಂಗ್ ಮಾಡುತ್ತಾರೋ ಅವರಿಗೇ ಆ ಜಾಗ ಎಂದೂ ಎಲ್ಲರೂ ಮಾತಾಡಿಕೊಂಡರು. ಶೆಟ್ಟರು ನನ್ನನ್ನು ಕರೆದರು.

"ಎರಡು ತಿಂಗಳು ನೀನೇ ನೋಡಿಕೋ ಮಧು. ಜಿ.ಎಂ. ಹತ್ರ ಹೇಳಿದ್ದೇನೆ," ಎಂದರು. "ಮತ್ತೆ ಮನೆ ಹೇಗೂ ಖಾಲಿ ಬೀಳ್ತದೆ ಮಾರಾಯ. ಹೆಂಡತಿ ಮಗಳನ್ನು ಕರ್ಕೊಂಡು ಬಾ. ಬಾಡಿಗೆ ಗೀಡಿಗೆ ಅಂತ ಮಾತಾಡಿದ್ರೆ ನೋಡು."

ಕುರ್ಚಿಯನ್ನೂ ಕೊಟ್ಟು ಮನೆಯನ್ನೂ ಕೊಡುವ ಮನುಷ್ಯ ಎಲ್ಲಿ ಸಿಗುತ್ತಾನೆ? ಬಾಗಿಲವರೆಗೆ ಹೋದವನನ್ನು ಅವರು ಮತ್ತೆ ಕರೆದರು.

"ಹ್ಞಾ, ನನ್ನ ಮೇಲ್ ಐಡಿ ನಿನಗೆ ಓಪನ್ ಉಂಟಲ್ಲ, ಕ್ಲೈಂಟುಗಳಿಗೆ ಅದರಿಂದಲೇ ಕಳಿಸು. ಹೊಸ ಹೆಸರು ನೋಡಿದ್ರೆ ಅವರಿಗೆ ಸುಮ್ಮನೆ ಗಾಬರಿ."

"ಆಯ್ತು ಸಾರ್," ಎಂದೆ. ಆ ಖುಷಿಯಲ್ಲಿ ಇಡೀ ಕಂಪನಿಗೇ ಅವರ ಹೆಸರಿನಲ್ಲಿ ಮೇಲ್ ಕಳಿಸು ಎಂದಿದ್ದರೂ ಆಯ್ತು ಎನ್ನುತ್ತಿದ್ದೆ. ಕೊನೆಗೆ ಮಾಡಿದ್ದೂ ಅದನ್ನೇ.

ನನ್ನ ಹೆಂಡತಿ ಸುಮಾ ಮೈಸೂರಿನ ಒಂದು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದಳು. ಬ್ಯಾಂಕಿನ ಹೆಂಗಸರಿಗೆ ಪ್ರಮೋಷನ್ ಎಂದರೆ ಹೆದರಿಕೆ, ಏಕೆಂದರೆ ಆಫೀಸರ್ ಆದ ಕೂಡಲೇ ವರ್ಗ ಮಾಡುತ್ತಾರೆ. ಹಾಗಾಗಿ ಬಡ್ತಿ ಬೇಡ ಎಂದು ಬರೆದುಕೊಟ್ಟು ಇದ್ದಲ್ಲೇ ಉಳಿದುಕೊಳ್ಳುವುದು ಅಲ್ಲಿ ರೂಢಿ. ಸುಮಾ ಹಾಗೆ ಎರಡು ಬಾರಿ ಬರೆದುಕೊಟ್ಟಿದ್ದಳು. ಮೊದಲನೆಯ ಸಲ ಮಗು ಹೊಟ್ಟೆಯಲ್ಲಿತ್ತು, ಎರಡನೆಯ ಸಲ ನಾನು ಇಲ್ಲಿಗೆ ಬಂದಿದ್ದೆ. ಆ ವರ್ಷ ಮತ್ತೆ ಅವಳ ಹೆಸರು ಬಂದಿತ್ತು. ಆಗಸ್ಟ್ ಕೊನೆಯೊಳಗೆ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು.

"ಈ ಸಲ ಏನ್ ಮಾಡ್ಲಿ?" ಎಂದು ಫೋನಿನಲ್ಲಿ ಕೇಳಿದಳು.

"ಅದೇನು ಕೇಳೋದು? ಸೆಪ್ಟೆಂಬರಿಂದ ನೀನೂ ಅನ್ವಿನೂ ಇಲ್ಲಿರ್ತೀರ. ಕೆಲಸಾನೇ ಬಿಡೋಳಿಗೆ ಪ್ರಮೋಷನ್ ಯಾಕೆ?" ಎಂದೆ.

"ಮೊದಲು ನಿಮ್ಮದು ಆಗ್ಲಿ, ನೋಡೋಣ," ಎಂದಳು. ಉದ್ದ ರಜೆ ಹಾಕಿದಳು. ಅನ್ವಿಯನ್ನು ಒಂದನೇ ಕ್ಲಾಸಿಗೆ ಸೇರಿಸಿಯಾಗಿತ್ತು. ಆಗಸ್ಟ್ ಮುಗಿಯುವವರೆಗೆ ಮಾತ್ರ ಸೀಟು ಹಿಡಿದಿಡುತ್ತೇವೆ ಎಂದು ಶಾಲೆಯವರು ಹೇಳಿದರು. ಇಲ್ಲಿಯ ಶಾಲೆಯೊಂದರಲ್ಲೂ ವಿಚಾರಿಸಿಟ್ಟಿದ್ದೆ. ಎಲ್ಲವೂ ಆ ಒಂದು ಕುರ್ಚಿಯ ಮೇಲೆ ನಿಂತಿತ್ತು.

ಜುಲೈ ಮೊದಲ ವಾರ ಅವರಿಬ್ಬರೂ ಬಂದಿಳಿದರು. ವಿಮಾನ ನಿಲ್ದಾಣದ ಬಾಗಿಲಿನಿಂದ ಹೊರಗೆ ಕಾಲಿಟ್ಟದ್ದೇ ಸುಮಾಳ ಕನ್ನಡಕ ಪೂರ್ತಿ ಮಂಜಾಯಿತು. "ಅಯ್ಯೋ, ಏನೂ ಕಾಣ್ತಿಲ್ಲ ಕಣ್ರೀ," ಎಂದು ನಕ್ಕಳು. ಅನ್ವಿ ನನ್ನ ಹತ್ತಿರ ಬರಲು ನಾಚಿ ಅಮ್ಮನ ಹಿಂದೆ ನಿಂತಳು. ಫೋನಿನಲ್ಲಿ ಬಾಯಿ ಮುಚ್ಚದೆ ಮಾತಾಡುವ ಹುಡುಗಿ ಎದುರಿಗೆ ನಿಂತ ಅಪ್ಪನನ್ನು ಪರೀಕ್ಷೆ ಮಾಡುವಂತೆ ನೋಡಿತು. ಎರಡು ದಿನದಲ್ಲಿ ಸರಿಹೋಗುತ್ತಾಳೆ ಎಂದುಕೊಂಡೆ.

ಶೆಟ್ಟರ ಮನೆ ಚೆನ್ನಾಗಿತ್ತು. ಆದರೆ ಅಲ್ಲಿ ನಮಗೆ ಕೈಕಾಲು ಆಡಿಸಲು ಭಯ. ಈ ಬೀರು ತೆಗೆಯುವುದು ಬೇಡ, ಈ ಬಾಣಲೆ ಉಜ್ಜುವುದು ಬೇಡ, ಬಾಲ್ಕನಿಯ ಕರಿಬೇವಿಗೆ ಎರಡು ಹೊತ್ತು ನೀರು ಎಂದು ಶೆಟ್ಟರ ಹೆಂಡತಿ ನಯವಾಗಿಯೇ ಹೇಳಿ ಹೋಗಿದ್ದರು. ಸುಮಾ ಊರಿಂದ ಒಂದೇ ಒಂದು ಬೆಡ್‌ಶೀಟ್ ತಂದಿದ್ದಳು, ಅದನ್ನೇ ಒಗೆದು ಒಗೆದು ಹಾಸುತ್ತಿದ್ದಳು. ಅನ್ವಿ ಚೆಂಡು ಆಡಿದರೆ ನಾವಿಬ್ಬರೂ ಒಟ್ಟಿಗೆ "ಶ್!" ಎನ್ನುತ್ತಿದ್ದೆವು. ಟಿ.ವಿ. ಮೇಲಿನ ಗಾಜಿನ ಕುದುರೆಯೊಂದನ್ನು ಸುಮಾ ಬಂದ ದಿನವೇ ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು.

ಆಫೀಸಿನಲ್ಲೂ ನನ್ನ ಕಥೆ ಅದೇ ಆಗಿತ್ತು. ಶೆಟ್ಟರ ಕ್ಯಾಬಿನ್ನಿನಲ್ಲಿ ಕೆಲಸ ಮಾಡಬೇಕು, ಅಲ್ಲೇ ಫೈಲು, ಅಲ್ಲೇ ಫೋನು. ಆದರೆ ಅವರ ಕುರ್ಚಿಯಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ. ಮೇಜಿನ ಈಚೆ, ಬಂದವರು ಕೂರುವ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮನೆಯ ಹಿರಿಯರು ಊರಿಗೆ ಹೋದಾಗ ಅವರ ಜಾಗದಲ್ಲಿ ಕಾಲು ಚಾಚಿ ಕೂರುವುದು ನಮ್ಮಲ್ಲಿ ಯಾರು ಮಾಡುತ್ತಾರೆ? ಕಂಪನಿ ಕೊಟ್ಟ ಆದೇಶದಲ್ಲಿ ನನ್ನ ಹೆಸರಿನ ಮುಂದೆ 'ಆಕ್ಟಿಂಗ್ ಮ್ಯಾನೇಜರ್' ಎಂದು ಚೊಕ್ಕವಾಗಿ ಅಚ್ಚಾಗಿತ್ತು. ಅದನ್ನು ಮೇಲ್‌ಗಳ ಕೆಳಗೆ ಹಾಕಿಕೊಳ್ಳಲು ಒಂದು ಸಲ ಟೈಪ್ ಮಾಡಿ ನೋಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡಂತೆ ಕಂಡಿತು, ಅಳಿಸಿದೆ. ಜಿ.ಎಂ.ಗೆ ಹೋಗುವ ವರದಿಗಳೂ ಶೆಟ್ಟರ ಐಡಿಯಿಂದಲೇ ಹೋದವು.

ಪಕ್ಕದ ಸೆಕ್ಷನ್ನಿನ ಬಿಜು ಕೇರಳದವನು, ಬಾಯಿಬಡುಕ, ಒಳ್ಳೆಯ ಮನುಷ್ಯ. ದಿನಾ ಕರಕ್ ಚಹಾ ಹಿಡಿದುಕೊಂಡು ಬಂದು ಬಾಗಿಲಿಗೆ ಒರಗುತ್ತಿದ್ದ.

"ಮಧು ಭಾಯ್, ಉಧರ್ ಬೈಠೋ ನಾ. ಕುರ್ಸಿ ಕಾಟೇಗಾ ನಹೀ."

"ಇಲ್ಲಿಂದಲೇ ಕೆಲಸ ಆಗುತ್ತಲ್ಲ," ಎಂದು ಹಿಂದಿಯಲ್ಲಿ ಹೇಳಿದೆ.

"ಕಾಮ್ ತೋ ಸಬ್ ಕರ್ತೇ ಹೈ. ಸಿಸಿ ಮೇ ಕೌನ್ ಹೈ, ವೋ ದೇಖೋ," ಎಂದ ಅವನು.

ಅವನ ಪ್ರಕಾರ ನಮ್ಮ ಕಂಪನಿಯಲ್ಲಿ ಬಡ್ತಿಗೆ ಒಂದೇ ದಾರಿ. ಬಲ್ಬ್ ಬದಲಾಯಿಸಿದರೂ ಜಿ.ಎಂ.ಗೆ ಒಂದು ಪ್ರತಿ ಕಳಿಸಬೇಕು, ಕೆಳಗೆ ಹೆಸರು ದಪ್ಪಕ್ಷರದಲ್ಲಿರಬೇಕು. ಅವನು ಹಾಗೆಯೇ ಮಾಡುತ್ತಿದ್ದ. ನಾನು ಒಳಗೊಳಗೇ ನಕ್ಕೆ. ಕೆಲಸ ಮಾಡುವವನು ಯಾರು ಎಂದು ದೊಡ್ಡವರಿಗೆ ಗೊತ್ತಾಗದೇ ಇರುತ್ತದೆಯೇ ಎಂಬುದು ನನ್ನ ನಂಬಿಕೆಯಾಗಿತ್ತು. ಗಾಜಿನ ಬಾಗಿಲಿನ ಆಚೆಯೇ ಜಿ.ಎಂ. ಓಡಾಡುತ್ತಿದ್ದರಲ್ಲ. ಅವರು ಜೋರ್ಡನ್ ದೇಶದವರು, ಎಲ್ಲರೂ ಅಬು ಸಾಮಿ ಎನ್ನುತ್ತಿದ್ದರು. ಎದುರು ಸಿಕ್ಕರೆ "ಯಲ್ಲಾ, ಕೀಪ್ ಗೋಯಿಂಗ್," ಎಂದು ನನ್ನ ಭುಜ ತಟ್ಟಿ ಹೋಗುತ್ತಿದ್ದರು. ಆ ತಟ್ಟಿದ್ದನ್ನೇ ನಾನು ಅರ್ಧ ಪ್ರಮೋಷನ್ ಎಂದು ತಿಳಿದೆ.

ಜುಲೈ ಹಾಗೆ ಕಳೆಯಿತು. ಬೆಳಿಗ್ಗೆ ಅನ್ವಿ ಏಳುವ ಮೊದಲೇ ಮನೆ ಬಿಡುತ್ತಿದ್ದೆ. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗಿನ ಕೆಲಸ ಮಾಡಿಸುವಂತಿಲ್ಲ, ಹಾಗಾಗಿ ಮಾಳಿಗೆಯ ಮೇಲಿನ ಯಂತ್ರಗಳ ಕೆಲಸವೆಲ್ಲ ಮುಂಜಾನೆ ಮುಗಿಯಬೇಕು, ಉಳಿದದ್ದು ಸಂಜೆ. ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗೋದಾಮಿನಿಂದ ಸಾಮಾನು ತರಿಸುವುದು, ಬಸ್ಸು ಹೊಂದಿಸುವುದು, ಕ್ಲೈಂಟುಗಳ ಬೈಗುಳ ಕೇಳುವುದು. ಮನೆಗೆ ಬಂದರೂ ತಲೆ ಅಲ್ಲೇ. ಊಟಕ್ಕೆ ಕೂತರೆ ಫೋನು, ಕೈ ತೊಳೆದರೆ ಫೋನು. ಸುಮಾ ಏನಾದರೂ ಹೇಳಲು ಶುರುಮಾಡಿದರೆ ನಾನು ಕೈ ಎತ್ತಿ "ಒಂದು ನಿಮಿಷ" ಎನ್ನುತ್ತಿದ್ದೆ. ಅನ್ವಿ ಅದನ್ನು ಕಲಿಯಿತು. ನಾನು ಬಾಗಿಲು ದಾಟಿ ಒಳಗೆ ಬರುತ್ತಿದ್ದಂತೆ ಪುಟ್ಟ ಕೈ ಎತ್ತಿ "ಒಂದು ನಿಮಿಷ!" ಎಂದು ಓಡಿಹೋಗುತ್ತಿತ್ತು. ನಾವಿಬ್ಬರೂ ನಗುತ್ತಿದ್ದೆವು.

ಆಗಸ್ಟಿನಲ್ಲಿ ಸೆಕೆ ಬೇರೆಯದೇ ಆಗುತ್ತದೆ. ಬಿಸಿಲಿಗೆ ತೇವ ಸೇರಿ, ಕಾರಿನಿಂದ ಕಟ್ಟಡದ ಬಾಗಿಲಿಗೆ ಹೋಗುವಷ್ಟರಲ್ಲಿ ಅಂಗಿ ಮೈಗೆ ಅಂಟುತ್ತದೆ. ಅಂಥ ಒಂದು ಶುಕ್ರವಾರ ವಾರದ ರಜೆ. ಅನ್ವಿಯನ್ನು ಸಂಜೆ ಸಮುದ್ರದಂಡೆಯ ಕಾರ್ನಿಶ್‌ಗೆ ಕರೆದುಕೊಂಡು ಹೋಗಿ ದೋಣಿಯಲ್ಲಿ ಕೂರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬೆಳಿಗ್ಗೆ ತಿಂಡಿಗೆ ಕೂತಾಗ ಫೋನು ಬಂತು. ನಾವು ನೋಡಿಕೊಳ್ಳುವ ದೊಡ್ಡ ವಸತಿ ಸಂಕೀರ್ಣವೊಂದರಲ್ಲಿ ತಣ್ಣೀರು ಪೂರೈಸುವ ಚಿಲ್ಲರ್ ಯಂತ್ರಗಳು ಒಂದರ ಹಿಂದೆ ಒಂದು ನಿಂತು, ಮೂರು ಗೋಪುರಗಳಿಗೆ ತಂಪಿಲ್ಲ. ಮಕ್ಕಳು ಮುದುಕರು ಸಮೇತ ಜನ ಲಾಬಿಗೆ ಇಳಿದಿದ್ದರು.

ಅಂದಿನ ಕೆಲಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ, ಅದನ್ನು ಬಚ್ಚಿಡುವುದಿಲ್ಲ. ರಜೆಯ ದಿನ ಗೋದಾಮು ತೆಗೆಸಿದೆ. ಬಿಜುವಿನ ಸೆಕ್ಷನ್ನಿನಿಂದ ಜನ ಎರವಲು ತಂದೆ. ಅವರನ್ನು ಬರ್ವಾದಿಂದ ಕರೆತರಲು ಬಸ್ಸು ಸಿಗದೆ ಮೂರು ಟ್ಯಾಕ್ಸಿ ಮಾಡಿಸಿದೆ. ಬಾಡಿಗೆ ಯಂತ್ರ ತರಿಸಿ ಮೊದಲು ಮಕ್ಕಳಿದ್ದ ಗೋಪುರಕ್ಕೆ ಜೋಡಿಸಿದೆ. ಗಂಟೆಗೊಮ್ಮೆ ಕ್ಲೈಂಟಿಗೆ, ಜಿ.ಎಂ.ಗೆ ವರದಿ ಕಳಿಸಿದೆ. ಪ್ರತಿ ವರದಿಯೂ ಶೆಟ್ಟರ ಐಡಿಯಿಂದ, ಶೆಟ್ಟರ ಹೆಸರಿನಲ್ಲಿ. ಕ್ಲೈಂಟಿಗೆ ಅವರ ಹೆಸರಿನಲ್ಲಿ, ಜಿ.ಎಂ.ಗೆ ನನ್ನ ಹೆಸರಿನಲ್ಲಿ ಎಂದು ಬೇರೆ ಬೇರೆ ಕಳಿಸಲು ಅವತ್ತು ಪುರುಸೊತ್ತಿರಲಿಲ್ಲ. ಪುರುಸೊತ್ತಿದ್ದರೂ ಕಳಿಸುತ್ತಿರಲಿಲ್ಲ ಎನ್ನಿ. ಸೂರ್ಯ ಮುಳುಗಿ ಮಗ್ರಿಬ್ ಆಜಾನ್ ಆಗುವ ಹೊತ್ತಿಗೆ ಮೂರೂ ಗೋಪುರಗಳಲ್ಲಿ ಗಾಳಿ ತಣ್ಣಗೆ ಬಂತು.

ಮನೆಗೆ ಬಂದರೆ ಬೀಗ. ಕಾದು ಕಾದು ಸುಮಾ ಮಗಳನ್ನು ಮೆಟ್ರೋದಲ್ಲಿ ತಾನೇ ಕಾರ್ನಿಶ್‌ಗೆ ಕರೆದುಕೊಂಡು ಹೋಗಿದ್ದಳು. ಅವಳಿಗೆ ಮೆಟ್ರೋ ಯಾವಾಗ ಗೊತ್ತಾಯಿತೋ ನನಗೆ ತಿಳಿಯದು. ಅವರು ಬಂದಾಗ ನಾನು ಸೋಫಾದ ಮೇಲೆ ಶೂ ಸಮೇತ ನಿದ್ದೆ ಹೋಗಿದ್ದೆನಂತೆ.

ಭಾನುವಾರ ಕ್ಲೈಂಟಿನಿಂದ ಜಿ.ಎಂ.ಗೆ ಮೆಚ್ಚುಗೆಯ ಮೇಲ್ ಬಂತು. 'ರಜೆಯಲ್ಲಿದ್ದೂ ಇಡೀ ದಿನ ಪರಿಸ್ಥಿತಿಯನ್ನು ಕೈಯಲ್ಲಿ ಹಿಡಿದ ಶ್ರೀ ಶೆಟ್ಟಿಯವರಿಗೆ ನಾವು ಋಣಿ' ಎಂಬ ಅರ್ಥದ್ದು. ಅಬು ಸಾಮಿ ಅದನ್ನು ಇಡೀ ಕಂಪನಿಗೆ ಕಳಿಸಿ 'ನಾಯಕತ್ವ ಎಂದರೆ ಇದು' ಎಂದು ಬರೆದರು. ನನಗೆ ನಗು ಬಂತು. ಮನೆಗೆ ಹೋಗಿ ಸುಮಾಳಿಗೆ ಓದಿ ತೋರಿಸಿದೆ.

ಅವಳು ನಗಲಿಲ್ಲ. "ಇದರಲ್ಲಿ ನಿಮ್ಮ ಹೆಸರೆಲ್ಲಿದೆ?"

"ಎಲ್ರಿಗೂ ಗೊತ್ತಿರುತ್ತೆ ಕಣೇ. ಅಬು ಸಾಮಿ ನನ್ನ ಭುಜ ತಟ್ಟಿದ್ರು."

"ಭುಜ ತಟ್ಟಿದ್ದನ್ನ ಫೈಲಲ್ಲಿ ಹಾಕ್ತಾರಾ? ಬ್ಯಾಂಕಲ್ಲಿ ಒಂದು ವೋಚರ್‌ಗೂ ಯಾರು ಪಾಸ್ ಮಾಡಿದ್ರೋ ಅವರದ್ದೇ ಸಹಿ ಇರಬೇಕು. ನೀವು ಈಗ್ಲೇ ಹೋಗಿ ಹೇಳಿ."

"ನಾನು ಮಾಡಿದ್ದು ಅಂತ ನಾನೇ ಹೋಗಿ ಹೇಳ್ಕೊಳ್ಳೋದಾ? ಅವರ ಮನೇಲಿ ಕೂತು, ಅವರ ಅನ್ನ ತಿಂದು?"

"ಅನ್ನ ನಾನು ಮಾಡಿದ್ದು," ಎಂದಳು ಸುಮಾ. ಎದ್ದು ಬಾಲ್ಕನಿಗೆ ಹೋಗಿ ಶೆಟ್ಟರ ಕರಿಬೇವಿಗೆ ನೀರು ಹಾಕಿದಳು. ಅವಳ ಮಾತು ನನಗೆ ಚುಚ್ಚಿತು. ಆ ಕೋಪದಲ್ಲಿ ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೆಲಸ ಇನ್ನೂ ಜಾಸ್ತಿ ಮಾಡಿದೆ.

ಅಲ್ಲಿಂದ ಮುಂದಿನ ದಿನಗಳು ಉಗುರು ಕಚ್ಚುವ ದಿನಗಳು. ಲಿಫ್ಟಿನಲ್ಲಿ ಎಚ್.ಆರ್.ನವರು ಸಿಕ್ಕರೆ ಮುಖ ಓದುತ್ತಿದ್ದೆ. ಅಬು ಸಾಮಿಯ ಸೆಕ್ರೆಟರಿ ಗುಡ್ ಮಾರ್ನಿಂಗ್ ಹೇಳಿದ ಧಾಟಿಯಲ್ಲಿ ಅರ್ಥ ಹುಡುಕುತ್ತಿದ್ದೆ. ಇತ್ತ ಮೈಸೂರಿನ ಶಾಲೆಯಿಂದ ಫೋನು, ಮಗು ಬರುತ್ತಾಳೋ ಇಲ್ಲವೋ. ಅತ್ತೆಯಿಂದ ಫೋನು, ಬ್ಯಾಂಕಿನವರು ಕೇಳುತ್ತಿದ್ದಾರೆ, ಸುಮಾ ಏನು ಹೇಳಲಿ. "ಇನ್ನೊಂದು ವಾರ, ಇನ್ನೊಂದು ವಾರ," ಎಂದು ಎಲ್ಲರಿಗೂ ನಾನೇ ಉತ್ತರ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಆಫೀಸಿನಿಂದ ಹೊರಬಿದ್ದು, ಕಂಪನಿ ಬಾಡಿಗೆಗೆ ಹಿಡಿಯುವ ಫ್ಯಾಮಿಲಿ ಫ್ಲಾಟುಗಳ ಬೀದಿಯಲ್ಲಿ ಸುಮ್ಮನೆ ಕಾರು ಓಡಿಸಿ ಬಂದೆ. ಶಾಲೆಗೆ ಯಾವುದು ಹತ್ತಿರ, ಯಾವುದಕ್ಕೆ ಬಾಲ್ಕನಿ ಇದೆ ಎಂದೆಲ್ಲ ನೋಡಿಕೊಂಡೆ. ಹಾಗೆ ನೋಡುವ ಹೊತ್ತಿನಲ್ಲಿ ಮನೆಗೆ ಹೋಗಬಹುದಿತ್ತು ಎಂದು ನನಗೆ ಹೊಳೆಯಲೇ ಇಲ್ಲ.

ಆಗಸ್ಟ್ ಕೊನೆಗೆ ಶೆಟ್ಟರು ಒಬ್ಬರೇ ಮೊದಲು ಬಂದರು. ಹೆಂಡತಿ ಮಕ್ಕಳು ಮುಂದಿನ ವಾರ ಬರುವವರಿದ್ದರು, ಅಲ್ಲಿಯವರೆಗೆ ತಾನು ತಮ್ಮನ ಮನೆಯಲ್ಲಿರುತ್ತೇನೆ, ನೀವು ಆರಾಮಾಗಿ ಇರಿ ಎಂದರು. ಮರುದಿನ ಅಬು ಸಾಮಿ ನಮ್ಮಿಬ್ಬರನ್ನೂ ಒಟ್ಟಿಗೆ ಕರೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಮೇಜಿನ ಮೇಲೆ ಖರ್ಜೂರದ ತಟ್ಟೆ ಇತ್ತು.

"ಮಬ್ರೂಕ್," ಎಂದು ಅವರು ಶೆಟ್ಟರನ್ನು ಅಭಿನಂದಿಸಿ ಕೈ ಕುಲುಕಿದರು. ಶೆಟ್ಟರು ಹೆಡ್ ಆಫೀಸಿಗೆ, ಮೂರು ಸೆಕ್ಷನ್ನುಗಳಿಗೆ ಮುಖ್ಯಸ್ಥರಾಗಿ. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಅಬು ಸಾಮಿ ನನ್ನ ಕಡೆ ತಿರುಗಿದರು.

"ಶೆಟ್ಟಿ ಇಂಡಿಯಾದಲ್ಲಿ ಕೂತು ಎರಡು ತಿಂಗಳು ಸೆಕ್ಷನ್ ನಡೆಸಿ ತೋರಿಸಿದ್ದಾನೆ. ಅಂಥ ಶುಕ್ರವಾರವನ್ನೂ ನಿಭಾಯಿಸಿದ. ಹಾಗಾಗಿ ಆ ಸೆಕ್ಷನ್ನಿಗೆ ಪ್ರತ್ಯೇಕ ಮ್ಯಾನೇಜರ್ ಬೇಕಾಗಿಲ್ಲ ಅಂತ ಬೋರ್ಡ್ ತೀರ್ಮಾನ ಮಾಡಿದೆ. ಹೆಡ್ ಆಫೀಸಿನಿಂದಲೇ ಶೆಟ್ಟಿ ನೋಡಿಕೊಳ್ಳುತ್ತಾನೆ. ನೀನು ಹೀಗೇ ಸಪೋರ್ಟ್ ಮಾಡು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆ ಜಾಗ ನನಗೆ ಸಿಗಲಿಲ್ಲ ಎಂದಷ್ಟೇ ಅಲ್ಲ, ಆ ಜಾಗವೇ ಇನ್ನಿಲ್ಲ. ನಾನು ಅಷ್ಟು ಚೆನ್ನಾಗಿ ಕೆಲಸ ಮಾಡಿ ಆ ಕುರ್ಚಿ ಅನವಶ್ಯಕ ಎಂದು ಸಾಬೀತು ಮಾಡಿದ್ದೆ.

ಶೆಟ್ಟರು ಖರ್ಜೂರದ ತಟ್ಟೆ ನೋಡುತ್ತಾ, "ಸರ್, ಮಧು ಹೆಲ್ಪ್ಡ್ ಎ ಲಾಟ್," ಎಂದರು.

"ಸರ್," ಎಂದೆ ನಾನು. "ಆ ಮೇಲ್‌ಗಳೆಲ್ಲ ಬರೆದದ್ದು ನಾನು. ಶುಕ್ರವಾರ ಅಲ್ಲಿದ್ದದ್ದೂ ನಾನು."

ಅಬು ಸಾಮಿ ನಿಜಕ್ಕೂ ಆಶ್ಚರ್ಯಪಟ್ಟರು. "ಹಾಗಾದರೆ ನಿನ್ನ ಹೆಸರು ಯಾಕಿಲ್ಲ?"

"ಅವರು ನಮ್ಮ ಮ್ಯಾನೇಜರ್. ನನ್ನ ಹೆಸರು ಹಾಕಿಕೊಳ್ಳುವುದು ಸರಿಯಲ್ಲ ಅಂತ..."

ಅವರ ಮುಖದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು, ಅದೇ ಸಹಿಸಲಾಗಲಿಲ್ಲ. "ಹಬೀಬಿ, ನನ್ನ ಕೆಳಗೆ ಸಾವಿರಾರು ಜನ ಇದ್ದಾರೆ. ನಾನು ಓದಿದ ಹೆಸರು ಮಾತ್ರ ನನಗೆ ಗೊತ್ತು. ಈಗ ಬೋರ್ಡ್ ಸಹಿ ಹಾಕಿದೆ. ಖಲಾಸ್. ಮುಂದಿನ ವರ್ಷ, ಇನ್ಶಾ ಅಲ್ಲಾ." ಖರ್ಜೂರದ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಒಂದು ತೆಗೆದುಕೊಂಡೆ.

ಹೊರಗೆ ಶೆಟ್ಟರು ನನ್ನ ತೋಳು ಹಿಡಿದರು. "ನಾನು ಎಂತ ಹೇಳುವುದು ಮಾರಾಯ. ಜಾಗವೇ ತೆಗೀತಾರೆ ಅಂತ ನನಗೂ ಗೊತ್ತಿರಲಿಲ್ಲ, ದೇವರಾಣೆ. ನಾನು ಕ್ಲೈಂಟಿಗೆ ಮಾತ್ರ ಅಂದದ್ದಲ್ವಾ? ಜಿ.ಎಂ.ಗೆ ನೀನು ನಿನ್ನ ಹೆಸರಲ್ಲೇ ಹಾಕ್ತೀ ಅಂತ ನಾನು ಎಣಿಸಿದ್ದು."

ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಆ ಮೆಚ್ಚುಗೆಯ ಮೇಲ್ ಅವರಿಗೂ ಬಂದಿತ್ತಲ್ಲ. ಅದಕ್ಕೆ ಅವರು ಕೊಟ್ಟ ಉತ್ತರ 'ಥ್ಯಾಂಕ್ಯೂ ಸರ್' ಎಂಬ ಎರಡು ಮಾತು. ಅದನ್ನು ಕೇಳೋಣವೆಂದು ಬಾಯಿ ತೆರೆದೆ. ಅವರ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಕೇಳಲಿಲ್ಲ, ಬಾಯಿ ಮುಚ್ಚಿಕೊಂಡೆ.

ಅಂದು ಮೊದಲ ಬಾರಿಗೆ ಬಿಸಿಲಿರುವಾಗಲೇ ಮನೆಗೆ ಹೋದೆ. ದಾರಿಯುದ್ದಕ್ಕೂ ಸುಮಾಳಿಗೆ ಹೇಗೆ ಹೇಳುವುದು ಎಂಬ ಸಂಕಟ. ಅವಳು ಅಡುಗೆಮನೆಯಲ್ಲಿ, ಶೆಟ್ಟರ ಹೆಂಡತಿ ಬರುವ ಮೊದಲು ಡಬ್ಬಗಳನ್ನೆಲ್ಲ ಒರೆಸಿಡುತ್ತಿದ್ದಳು. ಅನ್ವಿ ಒಳಗಿನ ಕೋಣೆಯಲ್ಲಿ ಬಣ್ಣ ಹಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿ ಮುಗಿಸಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟಳು.

"ಹೋಗ್ಲಿ ಬಿಡಿ," ಎಂದಳು. ಆಮೇಲೆ, "ನಾನು ಬ್ಯಾಂಕಿಗೆ ಹೂಂ ಅಂತ ಕಳಿಸಿದೀನಿ."

"ಯಾವಾಗ? ಈಗಿನ್ನೂ ನಾನು ಹೇಳ್ತಿದೀನಿ..."

"ಹೋದ ವಾರ."

ಹೋದ ವಾರ ನನ್ನ ಫಲಿತಾಂಶ ಬಂದಿರಲಿಲ್ಲ. ಹೋದ ವಾರ ನಾನು ಬಾಲ್ಕನಿ ಇರುವ ಫ್ಲಾಟ್ ಹುಡುಕುತ್ತಿದ್ದೆ.

"ಅಂದ್ರೆ ನನಗೆ ಸಿಗಲ್ಲ ಅಂತ ನೀನು ಮೊದಲೇ ತೀರ್ಮಾನ ಮಾಡಿಬಿಟ್ಟೆ."

"ಇಲ್ಲ. ನಿಮಗೆ ಸಿಕ್ಕೇ ಸಿಗುತ್ತೆ ಅಂದ್ಕೊಂಡಿದ್ದೆ," ಎಂದಳು. "ಸಿಕ್ಕಿದ ಮೇಲೆ ನಾನು ಇಲ್ಲಿರಲ್ಲ ಅಂತ ಹೇಳೋದು ಕಷ್ಟ ಆಗುತ್ತೆ ಅಂತ ಮುಂಚೇನೇ ಕಳಿಸಿದೆ."

"ಹಾಗಾದ್ರೆ ನಾನು ಈ ಎರಡು ತಿಂಗಳು ಸತ್ತಿದ್ದು ಯಾರಿಗೋಸ್ಕರ ಸುಮಾ? ನಿಮ್ಮಿಬ್ಬರನ್ನ ಇಲ್ಲಿ ಇಟ್ಕೊಳ್ಳೋಕೆ ತಾನೆ? ನಾವು ಮೂರು ಜನ ಒಟ್ಟಿಗಿರೋಕೆ ತಾನೆ?" ನನ್ನ ದನಿ ಆ ಮನೆಯಲ್ಲಿ ಮೊದಲ ಸಲ ಏರಿತ್ತು.

ನನ್ನ ದನಿಗೆ ಹೆದರಿ ಅನ್ವಿ ಬಣ್ಣದ ಪೆನ್ಸಿಲ್ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ಸುಮಾ ಅವಳ ಎದುರು ಮಂಡಿಯೂರಿ ಕೂತು ಕೂದಲು ಹಿಂದೆ ಸರಿಸಿದಳು.

"ಪುಟ್ಟಾ, ನಾವು ಮುಂದಿನ ವಾರ ಊರಿಗೆ ವಾಪಸ್ ಹೋಗ್ತಿದೀವಿ. ಅಪ್ಪ ಇಲ್ಲೇ ಇರ್ತಾರೆ."

ಮಗು ಅಳುತ್ತದೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ನಿಂತೆ. ಅನ್ವಿ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖ ಅರಳಿತು.

"ಹಂಗಾದ್ರೆ ಇನ್ಮೇಲೆ ಅಪ್ಪ ದಿನಾ ನನ್ ಜೊತೆ ಮಾತಾಡ್ತಾರಾ, ಮುಂಚೆ ಥರ?"

"ಹೂಂ, ಆಡ್ತಾರೆ," ಎಂದಳು ಸುಮಾ.